ಅತ್ತೆಗೊಂದು ಪುಸ್ತಕ

ನಮ್ಮ ಸೋದರಮಾವ ಒಂದೇ ಒಂದು ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ ಓದಿದವರಲ್ಲ. ಆದರೂ ಇಡೀ ನಂಜನಗೂಡಿನಲ್ಲಿ ಅವರಷ್ಟು ಪುಸ್ತಕಗಳನ್ನು ಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಇದೇನು ಒಗಟು ಎನ್ನುತ್ತೀರಾ? ಒಗಟೇನೂ ಇಲ್ಲ. ನಮ್ಮ ಮಾವ ಓದುವುದು ಕ್ಯಾಟಲಾಗು. ಪುಸ್ತಕ ಪ್ರಕಟಿಸುವವರು ತಮ್ಮಲ್ಲಿ ಏನೇನಿದೆ ಎಂದು ವರ್ಷಕ್ಕೊಮ್ಮೆ ಅಚ್ಚು ಹಾಕಿಸಿ ಕಳಿಸುತ್ತಾರಲ್ಲ, ನಾವು ನೀವು ಬಂದ ದಿನವೇ ಹಳೇ ಪೇಪರಿನ ಜೊತೆ ಸೇರಿಸಿಬಿಡುತ್ತೇವಲ್ಲ, ಅದು. ಬೇರೆಯವರು ಕಾದಂಬರಿ ಓದುವ ಹಾಗೆ ಮಾವ ಅದನ್ನು ಓದುತ್ತಾರೆ. ನಗಬೇಕಾದಲ್ಲಿ ನಗುತ್ತಾರೆ, ನಿಟ್ಟುಸಿರು ಬಿಡಬೇಕಾದಲ್ಲಿ ಬಿಡುತ್ತಾರೆ. ದಾಳಿಂಬೆ ಗಿಡಕ್ಕೆ ಬರುವ ರೋಗಗಳ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದುವಾಗ ಅವರ ಗಂಟಲು ಕಟ್ಟಿದ್ದನ್ನು ನಾನೇ ಕೇಳಿದ್ದೇನೆ.

ಮಾವನದು ಗ್ರಂಧಿಗೆ ಅಂಗಡಿ. ದೇವಸ್ಥಾನಕ್ಕೆ ಹೋಗುವ ಬೀದಿಯಲ್ಲಿ ವಿಭೂತಿ ಗಟ್ಟಿ, ಕುಂಕುಮ, ಕರ್ಪೂರದ ಜೊತೆಗೆ ಅಳಲೆಕಾಯಿ, ಹಿಪ್ಪಲಿ, ಒಣಶುಂಠಿಗಳನ್ನೂ ಇಟ್ಟುಕೊಂಡು ಕೂತವರು. ಸಾಮಾನು ಕಟ್ಟಿಕೊಡಲು ರದ್ದಿ ಕಾಗದ ತರಿಸುತ್ತಿದ್ದರು. ಅಂಥ ಒಂದು ಕಟ್ಟಿನಲ್ಲಿ ಒಮ್ಮೆ ಕ್ಯಾಟಲಾಗು ಬಂತು. ಯಾರಿಗೋ ಬಜೆ ಕಟ್ಟಿಕೊಡಲು ಹಾಳೆ ಹರಿಯಬೇಕು, ಅಷ್ಟರಲ್ಲಿ ಕಣ್ಣು ಬಿತ್ತು. ಆಕಾಶದ ನಕ್ಷತ್ರಗಳನ್ನು ಗುರುತಿಸುವುದು ಹೇಗೆ ಎಂದು ಒಂದು ಪುಸ್ತಕ. ಅದರ ಕೆಳಗೇ, ಬಾವಿ ತೋಡುವ ಮೊದಲು ತಿಳಿದಿರಬೇಕಾದದ್ದು ಏನು ಎಂದು ಇನ್ನೊಂದು.

"ಮ್ಯಾಲೆ ನಕ್ಷತ್ರ, ಕೆಳಗೆ ಬಾವಿ. ಮಧ್ಯೆ ಒಂದು ಗೆರೆ ಎಳದವ್ರೆ ಅಷ್ಟೆ. ನನ್ನ ತಲೆ ಗಿರ್ ಅಂದ್ಬುಡ್ತು ಕೂಸು" ಎಂದು ಮಾವ ಈಗಲೂ ಹೇಳುತ್ತಾರೆ. ಬಜೆ ಕೇಳಿದವರು ಅದನ್ನು ಬರೀ ಅಂಗೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರಂತೆ. ಕ್ಯಾಟಲಾಗಿನ ಕೊನೆಯ ಪುಟ ಮುಗಿಯುವವರೆಗೆ ಆ ದಿನ ಅಂಗಡಿಗೆ ಬಂದ ಯಾರಿಗೂ ಏನನ್ನೂ ಕಟ್ಟಿಕೊಡಲಿಲ್ಲವಂತೆ. ಮರುದಿನವೇ ಅದರ ಮೇಲಿದ್ದ ವಿಳಾಸ ನೋಡಿಕೊಂಡು ಆ ಪ್ರಕಾಶಕರಿಗೆ ಕಾರ್ಡು ಹಾಕಿದರು. ಆಮೇಲೆ ಕಂಡ ಕಂಡ ಪ್ರಕಾಶಕರಿಗೆಲ್ಲ ಹಾಕಿದರು. ಅಂದಿನಿಂದ ದಿನಾ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಎಲೆಯಡಿಕೆ ಹಾಕಿಕೊಂಡು ನಡುಮನೆಯಲ್ಲಿ ಕಾಲು ಚಾಚಿ ಕ್ಯಾಟಲಾಗನ್ನು ಗಟ್ಟಿಯಾಗಿ ಓದುವುದು ರೂಢಿಯಾಯಿತು.

ಯಾಕೆ ಮಾವ, ಪುಸ್ತಕವನ್ನೇ ತರಿಸಿ ಓದಬಾರದೇ ಎಂದು ನಾನೊಮ್ಮೆ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಒಂದನ್ನ ಹಿಡ್ಕಂಡ್ರೆ ಮಿಕ್ಕಿದ್ದೆಲ್ಲ ಕೈಬುಟ್ಟು ಓಯ್ತದಲ್ಲವ್ವ" ಎಂದರು.

ನಾನು ಆಗ ನಕ್ಕುಬಿಟ್ಟೆ. ಒಂದು ರಜೆಯಲ್ಲಿ ಮಾತ್ರ ಬೇಜಾರಿಗೆಂದು ಅವರ ಕ್ಯಾಟಲಾಗು ತಿರುವಿಹಾಕಲು ಕೂತವಳು ಕಾಫಿ ತಣ್ಣಗಾದರೂ ಏಳಲಿಲ್ಲ. ಜೇನು ಸಾಕುವುದು. ಭೂಕಂಪ. ಬಾಣಂತಿಯ ಆರೈಕೆ. ಮರುಭೂಮಿಯಲ್ಲಿ ಒಂಟೆಯ ಮೇಲೆ ಹೋದವರ ಅನುಭವ. ಗಡಿಯಾರ ರಿಪೇರಿ. ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು. ಸಾವಿನ ಭಯ ಕಳೆಯುವುದು. ಅದರ ಪಕ್ಕದಲ್ಲೇ ಬಗೆಬಗೆಯ ಚಟ್ನಿಗಳು. ಇವನ್ನೆಲ್ಲ ಯಾರೋ ಒಬ್ಬೊಬ್ಬರು ಕೂತು, ನಿದ್ದೆಗೆಟ್ಟು ಬರೆದಿದ್ದಾರೆ. ಇದನ್ನು ಓದುವವರು ಎಲ್ಲೋ ಇದ್ದೇ ಇರುತ್ತಾರೆ ಎಂದು ನಂಬಿ ಇನ್ನೊಬ್ಬರು ಅಚ್ಚು ಹಾಕಿಸಿದ್ದಾರೆ. ಮನುಷ್ಯರು ಇಷ್ಟೊಂದು ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದಾರೆಯೇ ಎಂದು ನನಗೆ ಮೈ ಜುಮ್ಮೆಂದಿತು. ಅವತ್ತಿನಿಂದ ಮಾವನನ್ನು ನೋಡಿ ನಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಇಂಥ ಮಾವನಿಗೆ ಬದುಕಿನಲ್ಲಿದ್ದ ಹಠ ಒಂದೇ. ಕ್ಯಾಟಲಾಗಿನಲ್ಲಿ ಪ್ರತಿಯೊಬ್ಬರಿಗೂ ಒಂದು ಪುಸ್ತಕ ಇದ್ದೇ ಇರುತ್ತದೆ, ಅದನ್ನು ಹುಡುಕಿಕೊಡಬೇಕು ಎಂಬುದು. ಅಂಗಡಿಗೆ ಬಂದವರಿಗೆ, ನೆಂಟರಿಗೆ, ಅಕ್ಕಪಕ್ಕದವರಿಗೆ ಎಲ್ಲರಿಗೂ ಹುಡುಕಿದರು, ತಾವೇ ತರಿಸಿಕೊಟ್ಟರು. ಹುಡುಕಲಾಗದೆ ಉಳಿದದ್ದು ಒಬ್ಬರಿಗೆ ಮಾತ್ರ. ಅದು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ಮದುವೆಯಾದಂದಿನಿಂದ ಅವರ ಎದುರಿಗೇ ಓಡಾಡಿಕೊಂಡಿರುವವರು!

ಬೇರೆಯವರ ವಿಷಯದಲ್ಲಿ ಮಾವನ ಕ್ರಮ ಬಹಳ ಸರಳವಾಗಿತ್ತು. ಶುಂಠಿ ತೂಗುತ್ತಾ ತೂಗುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಒಬ್ಬರೇ ಇದ್ದಾಗ ಏನು ಯೋಚ್ನೆ ಮಾಡ್ತೀರಿ?" ಕೆಮ್ಮಿಗೆ ಔಷಧಿ ಕೊಳ್ಳಲು ಬಂದವರಿಗೆ ಇದೆಂಥ ಪ್ರಶ್ನೆ? ಕೆಲವರು ಗಾಬರಿಯಾಗಿ ಚಿಲ್ಲರೆಯನ್ನೂ ಮರೆತು ಹೋಗುತ್ತಿದ್ದರು. ಆದರೆ ಉತ್ತರ ಕೊಟ್ಟವರೇ ಜಾಸ್ತಿ. ಬದನವಾಳಿನಿಂದ ಬರುತ್ತಿದ್ದ, ನೂಲುವ ಕೆಲಸದ ಹೆಂಗಸೊಬ್ಬರು ನಾಚಿಕೊಂಡು, "ಸಮುದ್ರ ಎಂಗಿದ್ದದು ಅಂತ ಯೋಚ್ನೆ ಮಾಡ್ತೀನಿ ಕಣಣ್ಣ. ನಾ ನೋಡ್ನಿಲ್ಲ" ಎಂದರು. ಮಾವ ಅವರಿಗೆ ಕಡಲಿನ ತಳದ ಜೀವಿಗಳ ಬಗ್ಗೆ ಚಿತ್ರಗಳಿರುವ ಪುಸ್ತಕ ತರಿಸಿಕೊಟ್ಟರು. ಆಕೆ ಮುಂದಿನ ಸಲ ಬಂದಾಗ ಶುಂಠಿಯನ್ನೂ ಕೇಳಲಿಲ್ಲ, ಏನನ್ನೂ ಕೇಳಲಿಲ್ಲ. "ಅಣ್ಣ, ಅಲ್ಲಿ ತಳದಲ್ಲಿ ಕತ್ಲಂತೆ. ಅದ್ಕೇ ತಲೆ ಮ್ಯಾಲೆ ದೀಪ ಮಡೀಕಂಡು ಓಡಾಡಾ ಮೀನು ಅವಂತೆ" ಎಂದರು. ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಕರ್ಪೂರ, ಊದುಬತ್ತಿ ಕೈಯಲ್ಲಿ ಹಿಡಿದುಕೊಂಡು ಆ ಮೀನಿನ ಕತೆ ಕೇಳಿದರು. ದೇವಸ್ಥಾನದ ಮಂಗಳಾರತಿ ಕೆಲವರಿಗೆ ತಪ್ಪಿಹೋಯಿತು.

ತಲಕಾಡಿನ ಕಡೆಯ ಒಬ್ಬ ರೈತರಿದ್ದರು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರೇ ಹೊರತು ಮಾತೇ ಆಡುತ್ತಿರಲಿಲ್ಲ. ಮಾವ ಅವರಿಗೆ ನಗೆಹನಿಗಳ ಪುಸ್ತಕ ಕೊಟ್ಟರು. ಇದೆಂಥ ತಮಾಷೆ ಎಂದು ನಾನು ಬೈದೆ. ಕಬ್ಬಿನ ಕಟಾವು ಮುಗಿದ ಮೇಲೆ ಆ ಮನುಷ್ಯ ಬಂದು, ಗಲ್ಲೆಯ ಮುಂದೆ ನಿಂತು, ಬೆವರು ಒರೆಸಿಕೊಂಡು ಒಂದು ನಗೆಹನಿ ಹೇಳಿದರು. ಮೊದಲೇ ಕೊನೆಯ ಸಾಲು ಹೇಳಿ, ಆಮೇಲೆ ಮೊದಲ ಸಾಲು ಹೇಳಿ, ಮಧ್ಯದ್ದನ್ನು ಮರೆತರು. ಮಾವ ಬಿದ್ದು ಬಿದ್ದು ನಕ್ಕರು. ಆ ರೈತರ ಮುಖ ನೋಡಬೇಕಿತ್ತು ನೀವು.

ನನಗೇನು ಕೊಟ್ಟರು ಎಂದು ಕೇಳುತ್ತೀರಾ? ಕೇಳದಿದ್ದರೆ ಒಳ್ಳೆಯದಿತ್ತು. ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವಳು. ಗಣಿತದ ಸ್ವಾರಸ್ಯಗಳ ಬಗ್ಗೆ ಒಂದು ಪುಸ್ತಕ ಬರುತ್ತದೆ ಎಂದು ಕಾದಿದ್ದೆ. ಬಂದದ್ದು, ಸಿಟ್ಟನ್ನು ಹತೋಟಿಯಲ್ಲಿಟ್ಟುಕೊಳ್ಳುವುದರ ಬಗ್ಗೆ. ಅದನ್ನು ನೋಡಿ ನನಗೆ ಬಂದ ಸಿಟ್ಟಿನಲ್ಲಿ ನಂಜನಗೂಡಿಗೆ ಹೋಗುವ ಮೊದಲ ಬಸ್ಸು ಹತ್ತಿ ಅವರ ಅಂಗಡಿಗೇ ಹೋಗಿ ಅದನ್ನು ಗಲ್ಲೆಯ ಮೇಲೆ ಕುಕ್ಕಿದೆ. "ಮೊದಲ್ನೇ ಅಧ್ಯಾಯ ಓದ್ದಾ ಕೂಸು?" ಎಂದರು ಮಾವ. ಇಲ್ಲ ಎಂದೆ. "ಓದಿದ್ರೆ ಬಸ್ ಚಾರ್ಜ್ ಉಳೀತಿತ್ತು" ಎಂದರು.

ಇಂಥವರ ಕೀರ್ತಿ ಊರಿಂದೂರಿಗೆ ಹಬ್ಬದೆ ಇರುತ್ತದೆಯೇ? ತಿ. ನರಸೀಪುರದಲ್ಲಿ ಓದುಗರ ಕೂಟವೊಂದನ್ನು ಶುರು ಮಾಡಿದ ಕೆಲವರು ನನ್ನ ಬಳಿ ಬಂದರು. "ನಿಮ್ಮ ಮಾವನವ್ರಿಗೆ ಗೊತ್ತಿಲ್ಲದ ಪುಸ್ತಕ ಇಲ್ವಂತಲ್ಲ ಮೇಡಂ. ಯಾವುದಾದ್ರೂ ಒಂದು ಪುಸ್ತಕದ ಬಗ್ಗೆ ಮಾತಾಡ್ಲಿ" ಎಂದರು. ನಾನು ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಮಾವ ಫೋನಿನಲ್ಲಿ ಒಪ್ಪಿಕೊಂಡಾಗಿತ್ತು. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕ್ಯಾಟಲಾಗನ್ನು ವಸ್ತ್ರದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದರು.

ಅವರು ಆರಿಸಿಕೊಂಡದ್ದು, ಒಂದು ನದಿ ಹುಟ್ಟುವಲ್ಲಿಂದ ಕಡಲು ಸೇರುವವರೆಗೆ ದಂಡೆಯ ಮೇಲೆ ನಡೆದುಹೋದವರೊಬ್ಬರ ಪುಸ್ತಕ. ಅದರ ಬಗ್ಗೆ ಕ್ಯಾಟಲಾಗಿನಲ್ಲಿದ್ದದ್ದು ಒಂದೂವರೆ ಸಾಲು. ಆ ಒಂದೂವರೆ ಸಾಲಿನ ಮೇಲೆ ಮಾವ ಸಂಜೆಯಾಗುವವರೆಗೆ ಮಾತಾಡಿದರು. ಬಸ್ಸಿರುವಾಗ ಮನುಷ್ಯ ನಡೆದು ಯಾಕೆ ಹೋಗುತ್ತಾನೆ? ಮನೆಯಲ್ಲಿ ಏನೆಂದು ಹೇಳಿ ಹೊರಟಿರಬಹುದು? ದಾರಿಯಲ್ಲಿ ಚಪ್ಪಲಿ ಕಿತ್ತರೆ ಹೊಲಿಯುವವರು ಸಿಕ್ಕಿದರೇ? ನಮ್ಮ ಕಪಿಲೆ ಬಂದು ಕಾವೇರಿಗೆ ಸೇರುವ ಈ ತಿರುಮಕೂಡಲಿನಂಥ ಜಾಗದಲ್ಲಿ ನಿಂತರೆ, ಈ ದಂಡೆಯಲ್ಲಿ ಹೋಗಲೋ ಆ ದಂಡೆಯಲ್ಲಿ ಹೋಗಲೋ ಎಂದು ಎಷ್ಟು ಹೊತ್ತು ಯೋಚಿಸಬೇಕು? ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ದಿನಾ ಆ ಸಂಗಮದಲ್ಲೇ ಮುಖ ತೊಳೆಯುವವರೂ ಅದನ್ನು ಅವತ್ತೇ ಮೊದಲು ಕಂಡವರ ಹಾಗೆ ತಲೆದೂಗುತ್ತಿದ್ದರು.

ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದ್ದುನಿಂತರು. "ಕಡಲು ಕಂಡಾಗ ಅವರಿಗೇನನ್ನಿಸ್ತು ಅಂತ ಬರೆದಿದ್ದಾರೆ ಸ್ವಾಮಿ?"

ಬಾಗಿಲು ಎಷ್ಟು ದೂರವಿದೆ ಎಂದು ನಾನು ನೋಡಿಕೊಂಡೆ. ಮಾವ ಮಾತ್ರ ಮೇಷ್ಟ್ರಿಗೆ ಕೈ ಮುಗಿದರು. "ಅದ ನಾ ಯೋಳ್ಬುಟ್ರೆ ನೀವು ಓದಾದು ಬುಟ್ಬುಡ್ತೀರಿ ಸಾ."

ಚಪ್ಪಾಳೆಯೋ ಚಪ್ಪಾಳೆ. ಆ ಪುಸ್ತಕಕ್ಕೆ ಊರಿನಲ್ಲಿ ಸರದಿ ಹತ್ತಿತು. ನಾನೂ ತರಿಸಿ ಓದಿದೆ. ಮಾವ ಹೇಳಿದ ಅರ್ಧ ಸಂಗತಿಗಳು ಅದರಲ್ಲಿ ಇರಲೇ ಇಲ್ಲ. ಇರಬೇಕಾಗಿತ್ತು ಎಂದು ಅನ್ನಿಸಿತು.

ಇಷ್ಟೆಲ್ಲ ಪ್ರತಾಪವಿದ್ದ ಮಾವ ಅತ್ತೆಯ ಮುಂದೆ ಮಾತ್ರ ಪ್ರತಿ ಸಲವೂ ಸೋತು ಹಿಂದೆ ಬರುತ್ತಿದ್ದರು. ಅತ್ತೆಗೆ ಓದು ಬರುವುದಿಲ್ಲವೆಂದಲ್ಲ. ಮಿಡ್ಲ್ ಸ್ಕೂಲು ಮುಗಿಸಿದವರು, ಪೇಪರು ಓದುತ್ತಾರೆ. ಆದರೆ ಪುಸ್ತಕವೆಂದರೆ ದೂರ. ಅಡುಗೆಯ ಪುಸ್ತಕ ತರಿಸಿಕೊಟ್ಟರೆ "ಯಾಕೆ, ನನ್ನ ಕೈ ಅಡುಗೆ ಬ್ಯಾಸರ ಆಯ್ತಾ?" ಎಂದರು. ಮಂಡಿನೋವಿನ ಪುಸ್ತಕ ಕೊಟ್ಟರೆ "ನಂಗೇನಾಗದೆ? ಗುಂಡುಕಲ್ ಇದ್ದಂಗಿವ್ನಿ" ಎಂದರು. ಮುಕ್ತಿಮಾರ್ಗದ ಪುಸ್ತಕ ಕೊಟ್ಟದ್ದಂತೂ ದೊಡ್ಡ ತಪ್ಪಾಯಿತು. "ಈಗ್ಲೇ ಕಳಿಸ್ಬುಡಾ ಯೋಚ್ನೆನಾ?" ಎಂದು ಎರಡು ದಿನ ಮಾತು ಬಿಟ್ಟರು. ರಂಗೋಲಿ ಪುಸ್ತಕ ಪಕ್ಕದ ಮನೆಗೆ ಹೋಯಿತು. ಕೈತೋಟದ ಪುಸ್ತಕ ಅಕ್ಕಿ ಡಬ್ಬದ ಕೆಳಗೆ ಹೋಯಿತು.

ಕೊನೆಗೆ ಮಾವ ತಮ್ಮ ಪ್ರಶ್ನೆಯನ್ನೇ ಕೇಳಿದರು. "ಒಬ್ಳೇ ಇದ್ದಾಗ ಏನು ಯೋಚ್ನೆ ಮಾಡ್ತೀಯೆ?"

"ಬೇಳೆ ಬೆಂತಾ ಅಂತ" ಎಂದರು ಅತ್ತೆ.

ಮಧ್ಯಾಹ್ನ ನಡುಮನೆಯಲ್ಲಿ ಮಾವ ಓದುವಾಗಲೂ ಅತ್ತೆ ಒಳಗೆ ಪಾತ್ರೆ ತೊಳೆಯುತ್ತಲೋ ಅಕ್ಕಿ ಕೇರುತ್ತಲೋ ಇರುತ್ತಿದ್ದರು. ಕೇಳಿಸಿತಾ ಇವಳೇ ಎಂದು ಮಾವ ಕೂಗಿದರೆ, "ನಿಮ್ಮ ಪುರಾಣ ಕೇಳಕ್ಕೆ ನಂಗೆ ಪುರುಸೊತ್ತಿಲ್ಲ" ಎಂದು ಉತ್ತರ ಬರುತ್ತಿತ್ತು.

ಹೀಗಿರುವಾಗ ಮಾವನ ಕಣ್ಣಿಗೆ ತೊಂದರೆ ಶುರುವಾಯಿತು. ಮೊದಲು ಅಳಲೆಕಾಯಿಯ ಬದಲು ತಾರೆಕಾಯಿ ಕಟ್ಟಿಕೊಟ್ಟರು. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ನಾನು ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬಹಳ ಹೊತ್ತು ಪರೀಕ್ಷೆ ಮಾಡಿ, ಕಣ್ಣಿನ ನರ ಒಣಗುತ್ತಿದೆ ಎಂದರು. "ಹೋದ ದೃಷ್ಟಿ ವಾಪಸ್ ಬರಲ್ಲ ಯಜಮಾನ್ರೇ. ಇರೋದನ್ನ ಆದಷ್ಟು ದಿನ ಕಾಪಾಡ್ಕೊಳ್ಳೋಣ."

"ಹೊಸ ಕ್ಯಾಟಲಾಗು ಯುಗಾದಿ ಕಳುದ್ಮೇಲೆ ಬತ್ತದೆ ತಾಯಿ. ಅಲ್ಲೀಗಂಟ ಇರ್ತದಾ?" ಎಂದು ಮಾವ ಕೇಳಿದರು.

ಡಾಕ್ಟರಮ್ಮ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಮಾವ ಅಷ್ಟಕ್ಕೇ ಬಿಡುವವರೇ? "ನೀವು ಒಬ್ಬರೇ ಇದ್ದಾಗ ಏನು ಯೋಚ್ನೆ ಮಾಡ್ತೀರಿ ತಾಯಿ?" ಎಂದರು. ಆ ಹುಡುಗಿ, "ನಿದ್ದೆ ಮಾಡ್ಬೇಕು ಅಂತ" ಎಂದುಬಿಟ್ಟಿತು. ನಿದ್ದೆಯ ವಿಜ್ಞಾನದ ಬಗ್ಗೆ ಪುಸ್ತಕವೊಂದಿದೆ, ವಿಜ್ಞಾನ ವಿಭಾಗದ ಎಡಗಡೆಯ ಪುಟ, ಮುಂದಿನ ಸಲ ಬರುವಾಗ ತರುತ್ತೇನೆ ಎಂದು ಮಾವ ಮಾತು ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಕಡಕೊಳ ದಾಟಿದ ಮೇಲೆ ಬಾಯಿ ಬಿಟ್ಟರು. "ಎಲ್ಲರ್ಗೂ ಹುಡುಕ್ಕೊಟ್ಟೆ ಕೂಸು. ಮನೇಲಿರಾಳಿಗೆ ಆಗ್ನಿಲ್ಲ. ಕಣ್ಣೇ ಹೋದ್ಮೇಲೆ ಇನ್ನೆಂಗೆ ಹುಡುಕ್ಲಿ?" ಸಿಟ್ಟಿನ ಪುಸ್ತಕ ಓದಿದ್ದೆ, ದುಃಖದ್ದು ಓದಿರಲಿಲ್ಲ.

ಅಂದಿನಿಂದ ಮಾವನಿಗೂ ಕಣ್ಣಿಗೂ ಪೈಪೋಟಿ ಬಿತ್ತು. ಇದ್ದ ಕ್ಯಾಟಲಾಗನ್ನೇ ಝೆರಾಕ್ಸ್ ಅಂಗಡಿಗೆ ಕೊಟ್ಟು ದೊಡ್ಡದು ಮಾಡಿಸಿಕೊಂಡರು. ಅದೂ ಮಸುಕಾಯಿತು. ಇನ್ನೂ ದೊಡ್ಡದು ಮಾಡಿಸಿದರು. ಒಂದು ಹಾಳೆ ಹಾಸಿದರೆ ನಡುಮನೆ ತುಂಬುವಷ್ಟು ದೊಡ್ಡದಾಯಿತು. ಊಟಕ್ಕೆ ಬಂದವರು ತೋಟಗಾರಿಕೆಯನ್ನು ದಾಟಿ, ಜೀವನಚರಿತ್ರೆಗಳನ್ನು ತುಳಿಯದೆ ಅಡುಗೆಮನೆ ಸೇರಬೇಕಿತ್ತು. ಅದಕ್ಕಿಂತ ದೊಡ್ಡದು ಬೇಕೆಂದಾಗ ಝೆರಾಕ್ಸ್‌ನವರು ಕೈ ಚೆಲ್ಲಿದರು. "ಇದ್ಕಿಂತ ದೊಡ್ಡ ಪೇಪರ್ ಇಲ್ಲ ಸಾ. ಫ್ಲೆಕ್ಸೇ ಮಾಡಿಸ್ಬೇಕು" ಎಂದು ತಮಾಷೆಗೆ ಅಂದರು.

ಮಾವನಿಗೆ ತಮಾಷೆಯೆಂದು ಯಾರೂ ಹೇಳಲಿಲ್ಲ. ಮಾಡಿಸಿಯೇಬಿಟ್ಟರು. ಕ್ಯಾಟಲಾಗಿನ ಒಂದು ಪುಟ, ಬೀದಿಯ ಆ ತುದಿಗೂ ಕಾಣುವಂಥ ಅಕ್ಷರಗಳಲ್ಲಿ, ಮನೆಯ ಕಾಂಪೌಂಡಿಗೆ ಏರಿತು. ಅತ್ತೆಗೆ ಏನಾದರೂ ಸಿಕ್ಕೀತು ಎಂದು ಅವರು ಆರಿಸಿದ್ದ ಆ ಪುಟದ ಮೂಲೆಯಲ್ಲಿ, ಅದ್ಯಾವ ಕಾರಣಕ್ಕೋ, ಕನ್ನಡಕ ಹಾಕಿದ ವಯಸ್ಸಾದ ಲೇಖಕರೊಬ್ಬರ ಭಾವಚಿತ್ರವಿತ್ತು. ನಮ್ಮ ಕಡೆ ಮನೆಯ ಮುಂದೆ ಫ್ಲೆಕ್ಸ್ ಕಟ್ಟುವುದು ಯಾವಾಗ ಎಂದು ನಿಮಗೆ ಗೊತ್ತಲ್ಲ. ಒಂದೋ ಯಾರಾದರೂ ಮುಖಂಡರ ಹುಟ್ಟುಹಬ್ಬ. ಇಲ್ಲವೇ ಮನೆಯಲ್ಲಿ ಸಾವು.

ಬೆಳಿಗ್ಗೆಯಿಂದಲೇ ಜನ ಬರಲು ಶುರು ಮಾಡಿದರು. ಮೊದಲು ಬಂದವರು ಸುತ್ತೂರಿನ ಕಡೆಯ ದೂರದ ನೆಂಟರು. ಮಾವ ಬೀದಿಯಲ್ಲಿ ನಿಂತು ತಲೆಯೆತ್ತಿ ಫ್ಲೆಕ್ಸನ್ನೇ ನೋಡುತ್ತಿದ್ದದ್ದು ಅವರಿಗೆ ಕಂಡಿತು. ಚಪ್ಪಲಿ ದೂರ ಬಿಟ್ಟು ಬಂದರು.

"ಯಾರು ತೀರ್ಕಂಡ್ರು ಯಜಮಾನ್ರೆ?"

"ಯಾರೂ ಇಲ್ವಲ್ಲ" ಎಂದರು ಮಾವ.

"ಮತ್ತೆ ಇವ್ರು? ನಿಮ್ಗೆ ಹತ್ತಿರದೋರಾ?"

"ಬಾಳ ಹತ್ತಿರದೋರು. ಇವರ್ದು ಹೆಸರು ನೋಡ್ದಾಗೆಲ್ಲ ನಂಗೆ ಸಂತೋಸ ಆಯ್ತದೆ."

ಬಂದವರು ಫ್ಲೆಕ್ಸಿಗೆ ಹಾರ ಹಾಕಿ ಕೈ ಮುಗಿದರು. ಹಾರ ನೋಡಿದವರು ಇನ್ನಷ್ಟು ಜನ ಬಂದರು. ತೀರಿಕೊಂಡವರ ಶಿವಗಣಾರಾಧನೆ ಯಾವತ್ತು ಎಂದು ಕೇಳಿದರು. ಮಾವ ಅವರನ್ನೆಲ್ಲ ಕೂರಿಸಿ, ಒಬ್ಬರೇ ಇದ್ದಾಗ ಏನು ಯೋಚಿಸುತ್ತೀರಿ ಎಂದು ವಿಚಾರಿಸಿದರು. ದುಃಖ ಹಂಚಿಕೊಳ್ಳಲು ಬಂದವರು ಹೋಗುವಾಗ ತಮಗೆ ತಕ್ಕ ಒಂದೊಂದು ಪುಸ್ತಕದ ಹೆಸರು ಕೇಳಿಕೊಂಡು ಹೋದರು. ಅತ್ತೆ ಬಂದವರಿಗೆಲ್ಲ ಕಾಫಿ ಕೊಟ್ಟು ಕೊಟ್ಟು ಸಾಕಾಗಿ, "ಯಾರೂ ಸಾಯ್ದಿದ್ರೂ ಸಾವಿನ್ ಮನೆ ಮಾಡ್ಬುಟ್ರಲ್ಲ" ಎಂದು ಗೊಣಗಿದರು. ಆದರೆ ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದಾಗ ಅವರು ಒಣಬಟ್ಟೆಯಿಂದ ಆ ಫ್ಲೆಕ್ಸಿನ ಅಕ್ಷರಗಳ ಮೇಲಿನ ಧೂಳನ್ನು ಒರೆಸುತ್ತಿದ್ದುದನ್ನು, ರಾತ್ರಿ ಅಲ್ಲೇ ಉಳಿದಿದ್ದ ನಾನು ನೋಡಿದೆ. ನೋಡಿದೆನೆಂದು ಅವರಿಗೆ ಹೇಳಲಿಲ್ಲ.

ಯುಗಾದಿ ಬಂತು, ಹೋಯಿತು. ಹೊಸ ಕ್ಯಾಟಲಾಗು ಅಂಚೆಯಲ್ಲಿ ಬಂದಿದೆ ಎಂದು ಮಾವ ಫೋನ್ ಮಾಡಿದರು. ಭಾನುವಾರ ಹೋದೆ. ಊಟವಾಗಿತ್ತು. ಮಾವ ನಡುಮನೆಯಲ್ಲಿ ಕಾಲು ಚಾಚಿ, ಕನ್ನಡಕ ಏರಿಸಿಕೊಂಡು, ಹೊಸ ಕ್ಯಾಟಲಾಗನ್ನು ಎರಡು ಕೈಯಲ್ಲಿ ಹಿಡಿದು ಹಿಂದಿನಂತೆಯೇ ಗಟ್ಟಿಯಾಗಿ ಓದುತ್ತಿದ್ದರು. ಜೇನು ಸಾಕುವುದು. ಮನೆಯಲ್ಲೇ ಅಣಬೆ ಬೆಳೆಯುವುದು. ತೆಂಗಿನ ನುಸಿಗೆ ಪರಿಹಾರ. ದನಿ ಗಟ್ಟಿಯಾಗಿಯೇ ಇತ್ತು. ಪರವಾಗಿಲ್ಲ, ಇನ್ನೂ ಕಾಣಿಸುತ್ತಿದೆ ಎಂದು ನನಗೆ ಸಮಾಧಾನವಾಯಿತು.

ಅಡುಗೆಮನೆಯಲ್ಲಿ ಅಕ್ಕಿ ಕೇರುತ್ತಿದ್ದ ಮೊರದ ಸದ್ದು ನಿಂತಿತು.

"ಅದು ಹೋದ್ ವರ್ಸದ್ದಲ್ವ?" ಎಂದು ಅತ್ತೆಯ ದನಿ ಬಂತು. "ಜೇನು, ಅದ್ರಿಂದೆ ಅಣಬೆ, ಅದ್ರಿಂದೆ ತೆಂಗಿನ ನುಸಿ. ಆಮ್ಯಾಕೆ ರೇಷ್ಮೆಹುಳ. ಹೊಸಾದ್ರಲ್ಲೂ ಅಂಗೇ ಹಾಕವ್ರಾ?"

ನಾನು ಮಾವನ ಕೈಯಲ್ಲಿದ್ದ ಪುಟ ನೋಡಿದೆ. ಅದರಲ್ಲಿ ಜೇನೂ ಇರಲಿಲ್ಲ, ಅಣಬೆಯೂ ಇರಲಿಲ್ಲ. ಅದು ಮಕ್ಕಳ ಕತೆಗಳ ಪುಟವಾಗಿತ್ತು. ಮಾವನಿಗೆ ಈಗ ಏನೂ ಕಾಣುವುದಿಲ್ಲ, ಕಳೆದ ವರ್ಷದ್ದನ್ನು ನೆನಪಿನಿಂದ ಹೇಳುತ್ತಿದ್ದಾರೆ ಎಂದು ನನಗೆ ತಿಳಿದದ್ದು ಆಗ. ಪುರಾಣ ಕೇಳಲು ಪುರುಸೊತ್ತಿಲ್ಲ ಎನ್ನುತ್ತಿದ್ದ ಅತ್ತೆ ಒಂದು ದಿನದ ಪುರಾಣವನ್ನೂ ಬಿಟ್ಟಿಲ್ಲ ಎಂದು ತಿಳಿದದ್ದೂ ಆಗಲೇ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಮಾವನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. ಅವರ ಮೂಗಿನ ಮೇಲಿದ್ದ ಕನ್ನಡಕ ತೆಗೆದು ತಾವು ಹಾಕಿಕೊಂಡರು. ಕ್ಯಾಟಲಾಗನ್ನು ಕೈಯಿಂದ ತೆಗೆದುಕೊಂಡು ಮೊದಲ ಪುಟಕ್ಕೆ ತಿರುವಿದರು. ಶಾಲೆಯಲ್ಲಿ ನಿಂತು ಓದುವ ಮಕ್ಕಳ ಹಾಗೆ, ಬೆರಳಿಟ್ಟು, ಒಂದೊಂದೇ ಪದವನ್ನು ಬಿಡಿಸಿ ಓದತೊಡಗಿದರು. ಮೊದಲೆರಡು ಹೆಸರುಗಳಿಗೆ ಮಾವ ತಲೆ ತಗ್ಗಿಸಿಕೊಂಡೇ ಇದ್ದರು. ಮೂರನೆಯದು ಕತ್ತೆಗಳ ಮನಶ್ಶಾಸ್ತ್ರದ ಬಗ್ಗೆ ಇತ್ತು. ಮಾವ ನಕ್ಕರು. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಮುಂದೆ ಓದಿದರು.

ಅರ್ಧ ಕ್ಯಾಟಲಾಗು ಆಗಿರಬೇಕು. ಮಾವ ಮೆಲ್ಲಗೆ ಕೇಳಿದರು. "ಇವ್ಳೇ, ಇದ್ರಲ್ಲಿ ನಿಂಗೆ ಯಾವ್ದಾರ ಬೇಕಾ?"

ನನಗ್ಯಾಕೆ ಎನ್ನುತ್ತಾರೆ ಎಂದು ನಾನು ಕಾದೆ. ಅತ್ತೆ ಪುಟವನ್ನು ಮುಖದ ಹತ್ತಿರ ತಂದುಕೊಂಡರು. "ಒಂದೊಂದರ ತುದೀಲೂ ಸಣ್ಣಕೆ ಏನೋ ನಂಬರ್ ಹಾಕವ್ರಲ್ಲ, ಅದೇನು?"

"ಪುಟ ಕಣೆ. ಪುಸ್ತಕದಲ್ಲಿ ಎಷ್ಟು ಪುಟ ಅವೆ ಅಂತ."

ಅತ್ತೆ ಮತ್ತೆ ಮೊದಲಿಗೆ ಹೋದರು. ಈ ಸಲ ಹೆಸರುಗಳನ್ನು ಓದಲಿಲ್ಲ. ಬೆರಳು ಬರೀ ಅಂಚಿನಲ್ಲಿ, ಆ ಅಂಕಿಗಳ ಮೇಲೆ ಇಳಿಯುತ್ತಾ ಹೋಯಿತು. ಪುಟದಿಂದ ಪುಟಕ್ಕೆ ಹೋಗಿ, ಒಂದು ಕಡೆ ನಿಂತಿತು. "ಇದು ಸಾವಿರದ ಮ್ಯಾಲದೆ. ಇದ ತರ್ಸಿ."

"ಏನರ ಬಗ್ಗೆ ಅದು?" ಮಾವ ನೆಟ್ಟಗೆ ಕೂತರು.

"ಏನರ ಬಗ್ಗೆನೋ, ನಾ ನೋಡ್ನಿಲ್ಲ. ನಾ ಓದಾದು ನಿಧಾನ. ದಿನಾ ಊಟ ಆದ್ಮೇಲೆ ಓದಿ ಯೋಳುದ್ರೆ ನಾವಿಬ್ರೂ ಇರಾಗಂಟ ಬತ್ತದೆ."

ನಾನು ಬಗ್ಗಿ ನೋಡಿದೆ. ಜಾನುವಾರುಗಳ ಕಾಯಿಲೆ ಮತ್ತು ಚಿಕಿತ್ಸೆಯ ದೊಡ್ಡ ಕೈಪಿಡಿ. ಆ ಮನೆಯಲ್ಲಿ ಒಂದು ಮೇಕೆಯೂ ಇಲ್ಲ.

ಮಾವ ಅತ್ತೆಯ ಕೈಗಾಗಿ ತಡಕಿದರು. ಸಿಕ್ಕಿತು. "ತರ್ಸು ಕೂಸು, ನಿಮ್ಮತ್ತೆ ಬೇಕು ಅಂದವ್ಳೆ" ಎಂದರು, ಮದುವೆಯ ಸುದ್ದಿ ಹೇಳುವವರ ಹಾಗೆ.

ತರಿಸಿಕೊಟ್ಟೆ. ಮೊನ್ನೆ ಫೋನ್ ಮಾಡಿದ್ದೆ. ಕಾಲುಬಾಯಿ ಜ್ವರದ ಅಧ್ಯಾಯ ಮುಗಿಯಿತೇ ಮಾವ ಎಂದು ಕೇಳಿದೆ.

"ಎಲ್ಲೀದು ಕೂಸು" ಎಂದರು ಮಾವ. ಹಿಂದೆ ಅತ್ತೆ ಪುಟ ತಿರುವುವ ಸದ್ದು ಕೇಳಿಸುತ್ತಿತ್ತು. ಅವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು. "ನೆನ್ನೆ ಓದಿದ್ದೇ ಮರ್ತೋಯ್ತು ಅಂತ ಸುಳ್ ಹೇಳಿ, ಇವತ್ತೂ ಅದನ್ನೇ ಓದುಸ್ತಾ ಇವ್ನಿ."